ಅಲ್ಲಾಡಬೇಡಿ, ಭಾವ

ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ, ನಂಜನಗೂಡಿನ ಅಂಗಡಿ ಬೀದಿಯ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಶಿವಸ್ವಾಮಿ ಸತ್ತವರನ್ನು ಎಬ್ಬಿಸಿದ. ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಿದ್ದು ಅವನ ದೊಡ್ಡತನ. ಮನಸ್ಸು ಮಾಡಿದ್ದರೆ ಕಪಿಲಾ ನದಿಯ ಎರಡೂ ದಡದ ಸ್ಮಶಾನಗಳನ್ನು ಖಾಲಿ ಮಾಡಿ, ಎಲ್ಲರನ್ನೂ ಸಾಲಾಗಿ ಕೂರಿಸಿ, ಹಲ್ಲುಜ್ಜಿಸಿ, ಕಾಫಿ ಕುಡಿಸಿ ಅವರವರ ಮನೆಗೆ ಕಳಿಸುತ್ತಿದ್ದ. ಅಷ್ಟು ಜನಕ್ಕೆ ಹೊಸದಾಗಿ ರೇಷನ್ ಕಾರ್ಡು ಮಾಡಿಸುವ ತಾಲ್ಲೂಕು ಆಫೀಸಿನವರ ಕಷ್ಟ ನೆನೆದು ಸುಮ್ಮನಾದ. ಅದಕ್ಕಾಗಿ ಅವನು ಕಟ್ಟಿದ ಯಂತ್ರ ತೆಂಗಿನ ಮರದಷ್ಟು ಎತ್ತರ ಇತ್ತು. ತೆಂಗಿನ ಮರ ಅಂದರೆ ಹೋದ ವರ್ಷ ನೆಟ್ಟ ಸಸಿ ಅಂತ ಬೇಕಾದರೆ ಇಟ್ಟುಕೊಳ್ಳಬಹುದು. ಅದರ ದೀಪ ಹೊತ್ತಿಸಿದರೆ ಮೈಸೂರಿನವರೆಗೆ ಬೀದಿದೀಪಗಳು ಮಂಕಾಗುತ್ತಿದ್ದವು. ಹೋಗಲಿ, ಸ್ಟುಡಿಯೋದ ಫ್ಯಾನು ನಿಧಾನವಾಗುತ್ತಿತ್ತು, ಇದಕ್ಕೆ ಅವನ ಹೆಂಡತಿ ಚನ್ನಬಸಮ್ಮನೇ ಸಾಕ್ಷಿ. ಹೀಗೆ ತಿರುಮಕೂಡಲು ನರಸೀಪುರದ ಬಸ್ಸಿನ ಕಿಟಕಿ ಪಕ್ಕ ಕೂತು ಶಿವಸ್ವಾಮಿ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದ. ಅಕ್ಕನ ಮನೆಯ ಹೊಸ್ತಿಲು ದಾಟುವಾಗ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಚಿತ್ರ ನೋಡಿದ ಮೇಲೆ ಹೇಳಬೇಕು ಎಂದು ತಿದ್ದುತ್ತಿದ್ದ. ಪ್ರತಿ ಸಲ ತಿದ್ದಿದಾಗಲೂ ಯಂತ್ರ ಇನ್ನೊಂದು ಗೇಣು ಎತ್ತರವಾಗುತ್ತಿತ್ತು. 

ಕಾಲ ಸಂದಿಯಲ್ಲಿ ಗೋಣಿಚೀಲ ಸುತ್ತಿದ ಪ್ರೊಜೆಕ್ಟರು; ಒಂದು ಕಾಲದಲ್ಲಿ ಹಳ್ಳಿಹಳ್ಳಿಗೆ ಹೋಗಿ ಕುಟುಂಬ ಯೋಜನೆಯ ಸಿನಿಮಾ ತೋರಿಸುತ್ತಿದ್ದ ನಿವೃತ್ತ ಆಪರೇಟರೊಬ್ಬರ ಅಟ್ಟದಿಂದ, ಹಳೆಯ ಕೀಲಿ ಕೊಡುವ ಸಿನಿಮಾ ಕ್ಯಾಮೆರಾದ ಜೊತೆಗೆ ಇಳಿಸಿಕೊಂಡು ಬಂದದ್ದು. ತೊಡೆಯ ಮೇಲೆ ಫಿಲ್ಮಿನ ಡಬ್ಬಿ. ಡಬ್ಬಿಯೊಳಗೆ ಭಾವ. ಹೆಮ್ಮರಗಾಲದ ಕಡೆಗೆ ತಿರುಗುವ ದಾರಿಯ ಹತ್ತಿರ ಬಸ್ಸು ಎಗರಿದಾಗ ಅವನು ಮೊದಲು ಹಿಡಿದುಕೊಂಡದ್ದು ಡಬ್ಬಿಯನ್ನು, ಆಮೇಲೆ ಮುಂದಿನ ಸೀಟಿನ ಕಂಬಿಯನ್ನು. ಆ ಸೀಟಿನಲ್ಲಿದ್ದ ಊದುಬತ್ತಿ ವ್ಯಾಪಾರಿ ಶಂಭುಲಿಂಗಪ್ಪ ಹಿಂದಕ್ಕೆ ತಿರುಗಿದ.

"ಏನ್ ಸಿವ್ಸ್ವಾಮಿ, ಎಣ ಎಬ್ಬುಸ್ತೀಯಂತೆ? ಊರೆಲ್ಲಾ ಅದೇ ಮಾತು."

"ಎಬ್ಸಾಯ್ತು ಕಣಣ್ಣ. ಈಗ ಮನೆಗೆ ಕರ್ಕೊಂಡೋಯ್ತಾ ಇವ್ನಿ."

"ಅಂಗಾರೆ ಟಿಕೀಟು ತಗೊಂಡಿದ್ದೀಯೇನಪ್ಪ ಅವರಿಗೆ? ನೋಡು, ನಮ್ಮಪ್ಪನ್ನೂ ಒಸಿ ಎಬ್ಸು. ಜಮೀನಿನ ಪತ್ರ ಎಲ್ಲಿಟ್ಟವ್ನೆ ಅಂತ ಒಂದ್ ಮಾತು ಕೇಳ್ಬೇಕಿತ್ತು."

"ನಿಮ್ಮಪ್ಪನ್ನ ಎಬ್ಸುದ್ರೆ, ನಿನ್ನ ಊದುಬತ್ತಿ ವಾಸ್ನೆಗೆ ಮತ್ತೆ ಮಲೀಕತಾನೆ ಬುಡಣ್ಣ."

ಬಸ್ಸು ನಕ್ಕಿತು. ಶಂಭುಲಿಂಗಪ್ಪನೂ ನಕ್ಕ. ನಕ್ಕು, ಕಣ್ಣೊರೆಸಿಕೊಂಡು, ಮುಂದಕ್ಕೆ ತಿರುಗುವ ಮುಂಚೆ, "ಎಬ್ಸದ್ಮೇಲೆ ಅಲ್ಲಾಡ್ಬೇಡಿ ಅಂತ ಮಾತ್ರ ಅನ್ಬೇಡ ಕಣಪ್ಪ" ಎಂದ. ಈ ಸಲ ಬಸ್ಸು ಇನ್ನೂ ಜೋರಾಗಿ ನಕ್ಕಿತು. ಕಾರಣ ಗೊತ್ತಿಲ್ಲದವರೂ ನಕ್ಕರು. ಶಿವಸ್ವಾಮಿಯೂ ಎಲ್ಲರಿಗಿಂತ ಮುಂದಾಗಿ ನಕ್ಕ. ಎರಡು ವರ್ಷದಿಂದ ಈ ಮಾತಿಗೆ ಹೀಗೆ ಮುಂದಾಗಿ ನಕ್ಕು ನಕ್ಕು ಅವನ ಕೆನ್ನೆಗೆ ಅದೊಂದು ಅಭ್ಯಾಸವಾಗಿಬಿಟ್ಟಿತ್ತು.

ಶಿವಸ್ವಾಮಿಯ ಲಿಂಗಾಯತ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಎರಡು ವರ್ಷದ ಹಿಂದೆ ಅಕ್ಕನ ಗಂಡ ಬೆಟ್ಟಸ್ವಾಮಿ ಭಾವನನ್ನೂ ಜಗುಲಿಯಲ್ಲಿ ಬಾಳೆಕಂದು ಕಟ್ಟಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಸೊಂಟದಿಂದ ಕೆಳಗೆ ಹೂವಿನ ಹಾರಗಳ ರಾಶಿ. ಮಡಚಿದ ಕಾಲು ಆ ರಾಶಿಯಡಿ ಎಲ್ಲಿತ್ತೋ. ಸಮಾಧಿಯ ಗದ್ದುಗೆಗೆ ಇಳಿಸುವ ಮುಂಚೆ ಒಂದು ಫೋಟೋ ಆಗಲಿ ಎಂದರು ಹಿರಿಯರು. ಶಿವಸ್ವಾಮಿ ಕ್ಯಾಮೆರಾ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಬಲಗೈ ಎತ್ತಿ, ಮದುವೆಮನೆಗಳಲ್ಲಿ, ಸ್ಕೂಲಿನ ಗ್ರೂಪು ಫೋಟೋಗಳಲ್ಲಿ ಬಾಯಿಗೆ ತಾನೇ ಬರುತ್ತಿದ್ದ ಮಾತನ್ನು ಆಡಿಬಿಟ್ಟ: "ರೆಡಿ… ಅಲ್ಲಾಡಬೇಡಿ." ಯಾರೋ ಕಿಸಕ್ಕನೆ ನಕ್ಕರು. ಯಾರೋ ಕೆಮ್ಮಿ ಆ ನಗೆಯನ್ನು ಮುಚ್ಚಿದರು. ಅವನ ಕಿವಿ ಬಿಸಿಯಾಯಿತು, ಆದರೂ ಗುಂಡಿ ಒತ್ತಿದ. ನಗು ಅವನಿಗೆ ಅಷ್ಟು ನಾಟಿರಲಿಲ್ಲ. ಅಕ್ಕ ಪುಟ್ಟಬಸಮ್ಮ ಅಲ್ಲೇ ಕಂಬದ ಪಕ್ಕ ಕೂತಿದ್ದಳು. ಅವನ ಮಾತು ಕೇಳಿದೊಡನೆ ಅವಳು ಅಳು ನಿಲ್ಲಿಸಿ ಸರಕ್ಕನೆ ಗಂಡನ ಕಡೆ ತಿರುಗಿದ್ದಳು, ಅವರು ಎಲ್ಲಿ ಅಲ್ಲಾಡಿಬಿಡುತ್ತಾರೋ ಎನ್ನುವ ಹಾಗೆ. ಆ ತಿರುಗಿದ ಕತ್ತು ನಾಟಿತು. ಬದುಕಿದ್ದಾಗ ಭಾವ ಎಷ್ಟು ಸಲ ಕೇಳಿಲ್ಲ! ತಮ್ಮ ಬೆಲ್ಲದ ಮಂಡಿಯ ಬಾಗಿಲಲ್ಲಿ ನಿಂತು, ನಾಚಿಕೊಂಡು, "ನಂದೂ ಒಂದು ತೆಗ್ಯಪ್ಪ" ಎನ್ನುತ್ತಿದ್ದರು. ಇವನು ಆಕಾಶ ನೋಡಿ, "ಬೆಳಕು ಸರಿ ಇಲ್ಲ ಭಾವ. ತೆಗುದ್ರೆ ದಿಲ್ಲಿಗೆ ಕಳಿಸೋ ಅಂಥದ್ದು ತೆಗೀತೀನಿ ತಡೀರಿ" ಅನ್ನುತ್ತಿದ್ದ. ಅವರ ಮದುವೆ ಆದದ್ದು ಫೋಟೋ ತೆಗೆಸುವ ಕಾಲದಲ್ಲಲ್ಲ. ಸಂತೆಗೆ ಬರುವ ಜನರೆಲ್ಲರ ಮುಖ ಇವನ ಸ್ಟುಡಿಯೋದ ಗಾಜಿನ ಹಿಂದೆ ನಗುತ್ತಿತ್ತು. ತನ್ನನ್ನು ಸಾಕಿದ ಭಾವನದು ಇದೊಂದೇ, ಕಣ್ಣು ಮುಚ್ಚಿದ್ದು.

ಆ ಫೋಟೋವನ್ನು ಅವನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅಕ್ಕನಿಗೆ ಕೊಟ್ಟಿದ್ದ. ವರ್ಷ ಕಳೆದ ಮೇಲೆ ಅವನು ಅಕ್ಕನ ಮನೆಗೆ ಹೋದಾಗ ಅದು ಗೋಡೆಯ ಕಡೆಗೆ ಮುಖ ಮಾಡಿಕೊಂಡು ಅಕ್ಕಿಮೂಟೆಯ ಹಿಂದೆ ನಿಂತಿತ್ತು. ಮೊಳೆ ಬಿದ್ದುಹೋಯಿತೇನೋ ಎಂದುಕೊಂಡ. "ನಾನೇ ತೆಗ್ದು ಮಡಗಿವ್ನಿ ಕಣ್ಲಾ" ಎಂದಿದ್ದಳು ಅಕ್ಕ, ಒಲೆಯ ಮುಂದಿನಿಂದ ಏಳದೆಯೇ. "ದಿನಾ ನೋಡಿ ನೋಡಿ ಏನಾಯ್ತು ಗೊತ್ತಾ? ಈಗ ಕಣ್ಮುಚ್ಚುದ್ರೂ ಅದೇ ಬತ್ತದೆ. ಊಟಕ್ಕೆ ಕುಂತಿದ್ದ ಮೊಕ ಬರಾಕಿಲ್ಲ, ಬೈತಿದ್ದ ಮೊಕ ಬರಾಕಿಲ್ಲ. ಆ ಎಣದ ಮೊಕ ಬಂದು ಎಲ್ಲಾನೂ ನುಂಗ್ಕೊಂಡ್ಬುಡ್ತು. ಇಷ್ಟೊರ್ಸ ಜೊತೇಲಿ ಬಾಳಾಟ ಮಾಡಿ, ಬದುಕಿದ್ದ ಮೊಕವೇ ಮರ್ತೋಯ್ತಲ್ಲಾ ನಂಗೆ." ಗಂಟಲಲ್ಲಿ ಅಳು ಇರಲಿಲ್ಲ, ಹುಣಸೆಹಣ್ಣು ಮುಗಿಯಿತು ಅನ್ನುವಾಗಿನ ಧ್ವನಿ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಸತ್ತವರ ಫೋಟೋಗೆ ಕುಂಚದಲ್ಲಿ ಕಣ್ಣು ಬಿಡಿಸಿ ಕೊಡುವುದು ಸ್ಟುಡಿಯೋದವರೆಲ್ಲ ಮಾಡುವ ಕೆಲಸ, ಅಷ್ಟು ಹೇಳಿದ್ದರೆ ಸಾಕಿತ್ತು. ಅವನ ನಾಲಿಗೆಗೆ 'ಸಾಕು' ಎಂಬುದು ಗೊತ್ತಿಲ್ಲ. "ಕಣ್ಣು ಏನ್ ಮಹಾ ಅಕ್ಕ? ಎಬ್ಸಿ ನಡೆಸ್ತೀನಿ ನೋಡ್ತಾ ಇರು" ಎಂದುಬಿಟ್ಟ. ಅಕ್ಕ ಒಲೆ ಬಿಟ್ಟು ತಿರುಗಿದಳು. ಅದೇ ಕತ್ತು, ಅದೇ ತಿರುವು.

ಯಂತ್ರದ ಕತೆ ಹೇಳಹೊರಟರೆ ಒಂದು ಪುರಾಣ. ಕ್ಯಾಮೆರಾ ಮೇಲಿನಿಂದ ನೆಟ್ಟಗೆ ಕೆಳಕ್ಕೆ ನೋಡಬೇಕು, ಕೆಳಗೆ ಚಿತ್ರ ಮಲಗಿರಬೇಕು, ಎರಡರ ನಡುವೆ ಕೂದಲೆಳೆ ಅಲುಗಬಾರದು. ಇದಕ್ಕೆ ಅಂಥ ಕಂಬ ಎಲ್ಲಿ? ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಭಾವನ ಮುಚ್ಚಿದ ಮಂಡಿಯಲ್ಲೇ: ಬೆಲ್ಲದ ಮೂಟೆ ತೂಗುವ ಯಂತ್ರ. ಕೆಳಗೆ ಕಬ್ಬಿಣದ ಹಲಗೆ, ಅದರ ತಲೆಯ ಕಡೆ ಎದೆಮಟ್ಟದ ಕಂಬ. ಟೆಂಪೋದಲ್ಲಿ ನಂಜನಗೂಡಿಗೆ ತಂದು, ಕಂಬದ ತುದಿಗೆ ಉದ್ದ ತೋಳು ಬೆಸೆಸಿ, ತೋಳಿಗೆ ಕ್ಯಾಮೆರಾ ಬಿಗಿದು, ಎರಡು ಕಡೆ ಎರಡು ದೊಡ್ಡ ದೀಪ ಇಟ್ಟು, ಹಲಗೆಯ ಮೇಲೆ ಕಿಟಕಿಯ ಗಾಜು ಹಾಸಿದ. ಇಂಥದ್ದು ಅಮೆರಿಕದಲ್ಲೂ ಇಲ್ಲ ಎಂದು ಅಂಗಡಿ ಬೀದಿಗೆಲ್ಲ ಸಾರಿದ. ಇರಲಿಕ್ಕಿಲ್ಲ. ಅಲ್ಲಿಯವರು ಬೆಲ್ಲದ ತಕ್ಕಡಿಯ ಮೇಲೆ ಸಿನಿಮಾ ಮಾಡುವಷ್ಟು ದಡ್ಡರಲ್ಲ. ತೆಗೆದ ಫಿಲ್ಮನ್ನು ಇನ್ನೊಂದು ಫಿಲ್ಮಿಗೆ ಇಳಿಸಿ ಪಾಸಿಟಿವ್ ಮಾಡುವ ಯೋಗ್ಯತೆ ಅವನ ಸ್ಟುಡಿಯೋಗೆ ಇರಲಿಲ್ಲ. ತೊಳೆದ ನೆಗೆಟಿವನ್ನೇ ಪರದೆಗೆ ಬಿಡಬೇಕು. ಅಲ್ಲಿ ಕಪ್ಪು ಬೆಳ್ಳಗಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಹಾಗಾಗಿ ಆ ಫೋಟೋದ ಭಾವನನ್ನು ಮೊದಲೇ ಉಲ್ಟಾ ಮಾಡಿಕೊಂಡ: ಬಿಳಿ ಪಂಚೆಗೆ ಕಪ್ಪು ಕಾಗದ, ಹಣೆಗೆ ಕಪ್ಪು ವಿಭೂತಿ, ರೆಪ್ಪೆಯ ಮೇಲೆ ಬಿಳಿಯ ಗುಡ್ಡೆ. ತಲೆ, ತೋಳು, ತೊಡೆ, ಮೊಣಕಾಲು ಬೇರೆ ಬೇರೆ ಕತ್ತರಿಸಿ ದಾರದ ಗಂಟಿನಲ್ಲಿ ಸೇರಿಸಿದ, ತೊಗಲುಗೊಂಬೆಗೆ ಮಾಡುವ ಹಾಗೆ. ಬೆರಳ ತುದಿಯಲ್ಲಿ ರಾಗಿಕಾಳಿನಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ಮಧ್ಯಾಹ್ನಗಳೆಲ್ಲ, ಗಿರಾಕಿಗಳಿಲ್ಲದ ಹೊತ್ತು, ಆ ಬೆಂಕಿಯಂಥ ಬೆಳಕಿನಲ್ಲಿ ಕರಿಮುಖದ ಬಿಳಿಗಣ್ಣಿನ ಭಾವ ಅವನನ್ನೇ ದುರುಗುಟ್ಟಿ ನೋಡುತ್ತ ಮಲಗಿರುತ್ತಿದ್ದರು. ಪ್ರತಿ ಸಲ ಗುಂಡಿ ಒತ್ತುವಾಗಲೂ ಅವನ ಬಾಯಿಗೆ ಆ ಮಾತೇ ಬರುತ್ತಿತ್ತು. ಕಚ್ಚಿ ಹಿಡಿಯುತ್ತಿದ್ದ.

ಕಣ್ಣು ತೆರೆಸಿದ. ಬೆನ್ನು ನೆಟ್ಟಗೆ ಮಾಡಿಸಿದ. ಎಬ್ಬಿಸಿ ನಿಲ್ಲಿಸಿದ. ಇಷ್ಟಾದ ಮೇಲೆ ಒಂದು ಮಧ್ಯಾಹ್ನ ಬೆರಳು ಎಡಗಾಲಿನ ಮೇಲೆ ನಿಂತು ಹಾಗೇ ಉಳಿದುಬಿಟ್ಟಿತು. ಭಾವ ಹೇಗೆ ನಡೆಯುತ್ತಿದ್ದರು? ಫೋಟೋದಲ್ಲಿ ಕಾಲೇ ಇಲ್ಲ, ಹೂವಿದೆ. ಸರಿ, ನೆನಪಿನಲ್ಲಿ? ತಾಯಿ ಸತ್ತ ಮೇಲೆ ಅಕ್ಕನ ಸೆರಗು ಹಿಡಿದು ನರಸೀಪುರಕ್ಕೆ ಬಂದವನು ಅವನು, ಹೈಸ್ಕೂಲು ಮುಗಿಯುವ ತನಕ ಅವರ ತಟ್ಟೆಯ ಪಕ್ಕದ ತಟ್ಟೆಯಲ್ಲಿ ಉಂಡವನು. ಹುಣಸೆಮರದಿಂದ ಬಿದ್ದು ಎಡಗಾಲು ಮುರಿದುಕೊಂಡ ವರ್ಷ ಅಕ್ಕ ಹಗಲೆಲ್ಲ ಹರಳೆಣ್ಣೆ ತಿಕ್ಕುತ್ತಿದ್ದಳು. ಭಾವ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದರು. ಮೇಲಿನಿಂದ ಕಾಣುತ್ತಿದ್ದದ್ದು ಹೆಂಚುಗಳು, ಎಮ್ಮೆಗಳ ಬೆನ್ನು, ದೂರದಲ್ಲಿ ಎರಡು ನೀರು ಕೂಡುವ ಕಡೆ ಬೆಳ್ಳಗೆ ಹೊಳೆಯುವ ಮರಳು. ಕೆಳಗಿನಿಂದ ಬರುತ್ತಿದ್ದದ್ದು ಸದ್ದು ಒಂದೇ. ಮಂಡಿಯ ನೆಲ ದಾಟುವಾಗ, ಪಚ್, ಪಚ್, ಏನೋ ಅಂಟಿಕೊಂಡು ಬಿಡಿಸಿಕೊಳ್ಳುವ ಸದ್ದು. ಆ ಸದ್ದನ್ನು ಹಿಡಿದು ಕಾಲಿಗೆ ಬರಲು ನೋಡಿದ, ಬರಲಾಗಲಿಲ್ಲ. ಹೆಂಡತಿಯನ್ನು ಕೇಳಬಹುದಿತ್ತು, ನರಸೀಪುರದಲ್ಲಿ ಯಾರನ್ನು ಬೇಕಾದರೂ ಕೇಳಬಹುದಿತ್ತು. ಭಾವ ಹೇಗೆ ನಡೆಯುತ್ತಿದ್ದರು ಅಂತ ಬಾಯಿಬಿಟ್ಟು ಕೇಳುವುದು ಹೇಗೆ? ಸ್ಟುಡಿಯೋದಲ್ಲಿ ಹೆಣ್ಣುಮಕ್ಕಳು ಪೌಡರು ಹಚ್ಚಿಕೊಳ್ಳುವ ಆಳೆತ್ತರದ ಕನ್ನಡಿ ಇತ್ತು. ಪ್ಯಾಂಟು ಬಿಚ್ಚಿ ಪಂಚೆ ಉಟ್ಟು ಅದರ ಮುಂದೆ ನಡೆದ. ಅರ್ಧ ಹೆಜ್ಜೆಗೆ ನಿಂತು ನೋಡಿ, ಬಂದು ಕಾಗದದ ಕಾಲು ಸರಿಸಿದ. ಮತ್ತೆ ನಡೆದ. ಬಾಗಿಲಲ್ಲಿ ಚನ್ನಬಸಮ್ಮ, "ಏನ್ರೀ ಇದು, ಕನ್ನಡಿ ಮುಂದೆ ಪೊಲೀಸ್ ಕವಾಯತು?" ಎಂದಳು. ಕಲೆ ಅಂದರೆ ನಿನಗೇನು ಗೊತ್ತು ಎಂದು ರೇಗಿದ. ಮಾರನೇ ದಿನ ಅಂಗಡಿ ಬೀದಿಯಲ್ಲಿ ಹೇಳುತ್ತಿದ್ದ: "ಕೂತೋರ ಭುಜ ನೋಡಿದ್ರೆ ಸಾಕು ಕಣ್ರೀ, ನಡಿಗೆ ತಾನಾಗೇ ಗೊತ್ತಾಗುತ್ತೆ. ಅದೊಂದು ಲೆಕ್ಕ."

ಬಸ್ಸು ನರಸೀಪುರದಲ್ಲಿ ನಿಂತಿತ್ತು. ಶಂಭುಲಿಂಗಪ್ಪ ಪ್ರೊಜೆಕ್ಟರಿಗೆ ಒಂದು ಕೈ ಕೊಟ್ಟು ಇಳಿಸಿ, ಈಗ ನಗದೆ, "ಅಕ್ಕೋರ್ನ ಕೇಳ್ದೆ ಅಂತ ಏಳು" ಎಂದು ಹೋದ. ಮನೆಯಲ್ಲಿ ಅಕ್ಕ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಧರಿಸಿ, ಪೆಟ್ಟಿಗೆಯಲ್ಲಿದ್ದ ಹಸಿರು ಅಂಚಿನ ಸೀರೆ ಉಟ್ಟು ಕೂತಿದ್ದಳು. ಅದನ್ನು ನೋಡಿ, ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಮೊದಲನೆಯದೇ ಅವನಿಗೆ ಮರೆತುಹೋಯಿತು. ಪಕ್ಕದ ಮನೆಯ ಸಾಕಮ್ಮ ಆಗಲೇ ಕಂಬಳಿಗಳನ್ನು ತಂದು ಕಿಟಕಿಗೆ ಕಟ್ಟುತ್ತಿದ್ದಳು.

"ಬೇಗ್ ಬೇಗ್ ಆಕು ಸಿವ್ಸ್ವಾಮಣ್ಣ. ಕರೆಂಟ್ ಓಯ್ತು ಅಂದ್ರೆ ನಿಮ್ ಭಾವ ಅರ್ಧ ಎದ್ದು ಅಂಗೇ ನಿಂತ್ಕತಾರೆ."

"ನನ್ನ ಮಷೀನು ಮುಂದೆ ಕರೆಂಟು ಹೆದರುತ್ತೆ ಕಣವ್ವ" ಎಂದ.

ಗೋಡೆಗೆ ಬಿಳಿ ಪಂಚೆ ಕಟ್ಟಿದ. ಪಂಚೆ ಭಾವನದೇ. ಮಧ್ಯಾಹ್ನದ ಬಿಸಿಲು ಕಂಬಳಿಯ ತೂತುಗಳಿಂದ ಸಣ್ಣ ಸಣ್ಣ ಕಾಸುಗಳಾಗಿ ನೆಲದ ಮೇಲೆ ಬಿದ್ದಿತ್ತು. ಫಿಲ್ಮಿನ ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿದ್ದ, ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿದು ಮತ್ತೆ ಮೊದಲಿನಿಂದ ಬರುತ್ತಿತ್ತು. ಪ್ರೊಜೆಕ್ಟರಿನ ಗುಂಡಿ ತಿರುವಿದ. ಯಂತ್ರ ಗರಗರ ಎಂದಿತು. ಪಂಚೆಯ ಮೇಲೆ ಬೆಟ್ಟಸ್ವಾಮಿ ಕೂತಿದ್ದರು, ಬಿಳಿ ವಿಭೂತಿ, ಬಿಳಿ ಪಂಚೆ, ಮುಚ್ಚಿದ ಕಣ್ಣು. ಅವರ ಮೈ ಇಷ್ಟೇ ಇಷ್ಟು ಹಿಗ್ಗಿತು, ಕುಗ್ಗಿತು, ಹಿಗ್ಗಿತು.

"ಉಸ್ರಾಡ್ತಾವ್ರೆ" ಎಂದಳು ಅಕ್ಕ ಪಿಸುಮಾತಿನಲ್ಲಿ. "ಸಾಕಮ್ಮ, ನೋಡ್ದ? ಉಸ್ರಾಡ್ತಾವ್ರೆ."

"ಅದೇ ಕಷ್ಟದ ಕೆಲಸ ಅಕ್ಕ. ಉಸಿರು ಕೊಡೋಕೇ ಒಂದು ತಿಂಗಳು ಹಿಡೀತು" ಎಂದ ಶಿವಸ್ವಾಮಿ. ಹೇಳುವಾಗಲೇ ತಕ್ಕಡಿಯ ಹಲಗೆ ಅವನ ಕಣ್ಣ ಮುಂದೆ ಬಂತು. ಬೆರಳು ಊರಿದರೆ ಅದು ಒಂದಿಷ್ಟು ಕುಸಿಯುತ್ತಿತ್ತು, ಎತ್ತಿದರೆ ಏಳುತ್ತಿತ್ತು, ಚಿತ್ರವೂ ಹಾಗೇ ಕುಗ್ಗಿ ಹಿಗ್ಗುತ್ತಿತ್ತು. ಹಲಗೆ ಅಲ್ಲಾಡದಂತೆ ಬಿಗಿಯುವ ಸನ್ನೆಕೋಲೊಂದು ಪಕ್ಕದಲ್ಲೇ ಇತ್ತು, ಒಂದು ದಿನವೂ ಹಾಕಲು ಹೊಳೆದಿರಲಿಲ್ಲ. ತೊಳೆದ ಫಿಲ್ಮು ಒಣಗಿದ ಮೇಲೆ ನೋಡಿ ಅವನು ತಲೆ ಚಚ್ಚಿಕೊಂಡಿದ್ದು ಇದಕ್ಕೇ. ಪರದೆಯ ಮೇಲೆ ಕಣ್ಣು ತೆರೆಯಿತು. ಅಕ್ಕನ ಕೈ ಸಾಕಮ್ಮನ ತೊಡೆಯನ್ನು ಹಿಡಿದುಕೊಂಡಿತು. ಮುಖ ಇವರ ಕಡೆಗೇ ಇಟ್ಟು, ಮೈ ಪಕ್ಕಕ್ಕೆ ತಿರುಗಿಸಿ, ಭಾವ ಎದ್ದು ನಿಂತು ನಡೆದರು. ಪಂಚೆಯ ಅಂಚು ದಾಟಿ ಹೋದರು. ಮತ್ತೆ ಕೂತಿದ್ದರು. ಮತ್ತೆ ಎದ್ದರು.  ಮೂರನೇ ಸಲವೋ ನಾಲ್ಕನೇ ಸಲವೋ ಅಕ್ಕನ ಕತ್ತು ತುಸು ವಾಲಿತು, ಜಾಲಿಸುವ ಅಕ್ಕಿಯಲ್ಲಿ ಕಲ್ಲು ಕಂಡವಳ ಹಾಗೆ.

"ಲೋ, ಈ ಕಾಲಿಗೆ ನಾನು ಅರಳೆಣ್ಣೆ ಆಕಿವ್ನಿ ಕಣ್ಲಾ."

"ಯಾವ ಕಾಲಕ್ಕ?"

"ಎಡಗಾಲು ಒರಕ್ಕೆ ಬೀಸಿ ಇಡ್ತದಲ್ಲ, ಅದು. ಮೊಕ ಅವರ್ದು. ಕಾಲು ನಿಂದು."

"ಇಲ್ಲಕ್ಕ, ಅದು ಲೆನ್ಸು… ವೋಲ್ಟೇಜು ಏರುಪೇರಾದಾಗ ಎಡಗಡೆ ಒಸಿ ಎಳೆಯುತ್ತೆ. ದೊಡ್ಡ ದೊಡ್ಡ ಸಿನಿಮಾದಲ್ಲೂ…"

"ವೋಲ್ಟೇಜೂ ಹುಣಸೆಮರದಿಂದ ಬಿದ್ದಿತ್ತಾ?" ಎಂದಳು ಸಾಕಮ್ಮ.

ಅವನು ಪ್ರೊಜೆಕ್ಟರಿನ ಹಿಂದೆ ನಿಂತಿದ್ದ. ಕತ್ತಲಲ್ಲಿ ತನ್ನ ಎಡಗಾಲನ್ನು ನೋಡಿಕೊಂಡ. ನಿಂತಲ್ಲೇ ಅದು ಹೊರಕ್ಕೆ ತಿರುಗಿತ್ತು. ನಲವತ್ತರ ಹತ್ತಿರ ಬಂದರೂ ಅವನು ಅದನ್ನು ಕಂಡಿರಲಿಲ್ಲ, ಕನ್ನಡಿಯಲ್ಲಿ ಕೂಡ. ಯಂತ್ರ ಆರಿಸಿಬಿಡೋಣ ಎಂದು ಕೈ ಚಾಚಿದ. "ಇರ್ಲಿ, ಇರ್ಲಿ, ತಿರುಗ್ಲಿ" ಎಂದು ಅಕ್ಕ ಎದ್ದಳು. "ಅಯ್ಯೋ, ಅವರು ಇಂಗಾ ನಡೀತಿದ್ದುದು? ಬೆಲ್ಲದ ಮಂಡಿ ನೆಲ ಕಣ್ಲಾ ಅದು, ಪಾಕ ಸೋರಿ ಸೋರಿ ಯಾವತ್ತೂ ಅಂಟು. ಅದ್ರಲ್ಲಿ ಓಡಾಡಿ ಓಡಾಡಿ, ಬೀದೀಲಿ ನಡುದ್ರೂ, ದೇವಸ್ಥಾನದಲ್ಲಿ ನಡುದ್ರೂ…" ಅವಳು ಬೆಳಕಿನೊಳಕ್ಕೆ ಹೋದಳು. ಎಡಗೈಯಲ್ಲಿ ಸೀರೆಯ ನಿರಿಗೆಯನ್ನು ಮೇಲಕ್ಕೆ ಹಿಡಿದಳು, ಪಂಚೆಯ ಚುಂಗು ಹಿಡಿದ ಹಾಗೆ. ಮೊಣಕಾಲನ್ನು ಎತ್ತರಕ್ಕೆ ಎತ್ತಿ, ಅಂಗಾಲನ್ನು ನೆಲದಿಂದ ಕಿತ್ತಂತೆ ಮಾಡಿ, ಬೆರಳುಗಳನ್ನು ಮೊದಲು ಇಳಿಸಿ ಹಿಮ್ಮಡಿಯನ್ನು ಆಮೇಲೆ ಊರಿದಳು. ಗದ್ದೆಯಲ್ಲಿ ಕೊಕ್ಕರೆ ನಡೆಯುವ ಹಾಗೆ. ಒಂದೊಂದು ಹೆಜ್ಜೆಗೂ ಬಾಯಲ್ಲಿ ಪಚ್ ಎಂದಳು. ಭಾವನ ಹೆಗಲ ಮೇಲೆ ಕೂತು ಶಿವಸ್ವಾಮಿ ಕೇಳುತ್ತಿದ್ದದ್ದು ಇದೇ ಸದ್ದು. ಪರದೆಯ ಮೇಲೆ ಭಾವ ಎಡಗಾಲು ಬೀಸಿಕೊಂಡು ನಡೆಯುತ್ತಿದ್ದರು, ಅವರ ಮೈಮೇಲೆ ಹಾದು ಅಕ್ಕನ ನೆರಳು ಅವರ ಹಾಗೆ ನಡೆಯುತ್ತಿತ್ತು.

"ಅಯ್ಯಯ್ಯಪ್ಪ, ಬೆಟ್ಟಸ್ವಾಮಪ್ಪೋರೇ!" ಸಾಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. "ಒಸ್ಲ ತಾವ ನಿಂತು ಗಂಟ್ಲು ಕ್ಯಾಕರಿಸ್ತಿದ್ರು ನೋಡು, ಅದ್ನೂ ಮಾಡಕ್ಕ."

ಅಕ್ಕ ಹೊಸ್ತಿಲ ತನಕ ಹೋಗಿ ನಿಂತು ಗಂಟಲು ಕ್ಯಾಕರಿಸಿದಳು. ಕ್ಯಾಕರಿಸಿ, ತಾನೂ ನಕ್ಕುಬಿಟ್ಟಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ನಗುತ್ತ ನಗುತ್ತ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಕೆಳಗೆ ಗುಡ್ಡೆಗಳು ಅತ್ತಿತ್ತ ಓಡಿದವು. 

"ಬಂತು" ಎಂದಳು. "ಮೊಕ ಬಂತು ಕಣ್ಲಾ. ಬೈತಾವ್ರೆ."

 ಆಮೇಲೆ ಕಣ್ಣು ಬಿಟ್ಟು, ತಮ್ಮನ ಕಡೆ ತಿರುಗಿ, ನಿರಿಗೆಯನ್ನು ಇನ್ನೂ ಹಾಗೇ ಮೇಲಕ್ಕೆ ಹಿಡಿದುಕೊಂಡು ಕೇಳಿದಳು: "ಇಂಗೇ ಅಲ್ವೇನ್ಲಾ ಅವರು ನಡೀತಿದ್ದುದು? ನೀನೂ ನೋಡಿದ್ದೀಯಲ್ಲ."

ಎಂಥ ಎಂಥ ಮಾತುಗಳು ಅವನ ನಾಲಿಗೆಯ ತುದಿಗೆ ಬಂದು ನಿಂತವು. ನಿನಗೆ ನೆನಪಾಗಲಿ ಅಂತಲೇ ತಪ್ಪು ನಡೆಸಿದೆ ಅಕ್ಕ ಎನ್ನಬಹುದಿತ್ತು, ಮೂರು ಲೋಕದಲ್ಲಿ ಯಾರಿಗೂ ಹೊಳೆಯದ ಉಪಾಯ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳೋ ಏನೋ. ಅವನು ಪ್ರೊಜೆಕ್ಟರಿನ ಹಿಂದಿನಿಂದ ಎರಡು ಹೆಜ್ಜೆ ಮುಂದೆ ಬಂದ. ಎಡಗಾಲು ಹೊರಕ್ಕೆ ಬೀಸಿತು.

"ಗೊತ್ತಿಲ್ಲ ಅಕ್ಕ" ಎಂದ. "ಉಸ್ರು ನಾನು ಕೊಟ್ಟಿದ್ದಲ್ಲ, ತಕ್ಕಡಿ ಅಲ್ಲಾಡ್ತಿತ್ತು. ನಡಿಗೆ ಕನ್ನಡಿ ನೋಡ್ಕೊಂಡು ಮಾಡ್ದೆ. ಭಾವ ಹೆಂಗ್ ನಡೀತಿದ್ರು ಅಂತ ನಾನು ಯಾವತ್ತೂ ನೋಡಿರ್ಲಿಲ್ಲ. ನಾನು ಮೇಲೆ ಕೂತಿದ್ದೆ."